ಮಂಟೇಸ್ವಾಮಿ ಕಾವ್ಯದಲ್ಲಿ ಕಬ್ಬಿಣದ ಭಿಕ್ಷೆ

೧

ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳನ್ನೊಳಗೊಂಡ ಸೀಮೆಯು ಕನ್ನಡಕ್ಕೆ ಎರಡು ಬಗೆಯ ಕಾವ್ಯವನ್ನು ಕೊಟ್ಟಿದೆ. ಒಂದು ಓಲೆಗರಿಯಲ್ಲಿ ಬರೆದಿಟ್ಟದ್ದು. ಇನ್ನೊಂದು ಕೊರಳಿನಿಂದ ಕೊರಳಿಗೆ ಬಂದದ್ದು. ಚಿಕ್ಕದೇವರಾಜ ಒಡೆಯರ ಆಳಿಕೆಯ (೧೬೭೩–೧೭೦೪) ಕಾಲದಲ್ಲಿ ಅರಮನೆಯ ಆಶ್ರಯ ಪಡೆದ ಚಿಕ್ಕುಪಾಧ್ಯಾಯನು ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯವನು. ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದ ಸಂಚಿಯ ಹೊನ್ನಮ್ಮನು ಯಳಂದೂರಿನವಳು. ‘ರಾಜಶೇಖರವಿಳಾಸ’ದ ಷಡಕ್ಷರದೇವನ ಹೆಸರೂ ಯಳಂದೂರಿನೊಡನೆ ಸೇರಿಕೊಂಡಿದೆ. ಈ ಕವಿಗಳ ಕೃತಿಗಳಿಗೆ ಮುದ್ರಣವೂ ವ್ಯಾಖ್ಯಾನವೂ ಪಾಠಪಟ್ಟಿಯ ಮನ್ನಣೆಯೂ ಬಹುಹಿಂದೆಯೇ ದೊರೆತವು. ಅದೇ ನೆಲದ ಕೊರಳಿನ ಕಾವ್ಯಗಳಾದ ಮಲೆಯ ಮಾದೇಶ್ವರನ ಕಾವ್ಯ, ಮಂಟೇಸ್ವಾಮಿಯ ಕಾವ್ಯ ಇವೆರಡೂ ವಿದ್ವಾಂಸರ ಕಣ್ಣಿಗೆ ಬಿದ್ದದ್ದು ತಡವಾಗಿ. ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರರು ೧೯೭೩ರಲ್ಲಿ ಪ್ರಕಟಿಸಿದರು; ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೭ರಲ್ಲಿ ಹೊರತಂದಿತು. ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷದಲ್ಲಿ.

ಮಂಟೇಸ್ವಾಮಿಯ ಕಾವ್ಯವನ್ನು ಹಾಡುವವರು ನೀಲಗಾರರು. ಹರಕೆಯಿಂದಲೋ ಮನೆತನದ ವಾಡಿಕೆಯಿಂದಲೋ ದೀಕ್ಷೆ ಪಡೆದು, ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಡನೆ ಇರುಳೆಲ್ಲಾ ಕಥೆ ನಡೆಸುವ ಇವರು ಈ ಜಿಲ್ಲೆಯ ತಾಲ್ಲೂಕುಗಳಲ್ಲಿಯೂ ನೆರೆಯ ನಂಜನಗೂಡು, ಮಳವಳ್ಳಿಗಳಲ್ಲಿಯೂ ಇದ್ದಾರೆ. ಕಾವ್ಯವು ‘ಸಾಲು’ಗಳಾಗಿ ವಿಂಗಡವಾಗಿದೆ. ಸೃಷ್ಟಿಯ ಸಾಲಿನಿಂದ ಮೊದಲಾಗಿ, ಕಲ್ಯಾಣದ ಸಾಲನ್ನು ಹಾದು, ಕೆಂಪಾಚಾರಿಯೆಂಬ ಬಾಲಕನು ಸಿದ್ದಪ್ಪಾಜಿಯಾಗುವ ವೃತ್ತಾಂತಕ್ಕೂ, ಆತನು ಹಲಗೂರಿನಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಪ್ರಸಂಗಕ್ಕೂ ಬಂದು ಮುಟ್ಟುತ್ತದೆ. ಈ ಕೊನೆಯ ಪ್ರಸಂಗದ ಅರ್ಥವೇನೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

೨

ಭಿಕ್ಷೆಯೆಂದರೆ ಧಾನ್ಯ. ಜೋಳಿಗೆ ಹಿಡಿದು ಬಂದವನಿಗೆ ಮೊರದಲ್ಲಿ ರಾಗಿಯನ್ನೋ ಅಕ್ಕಿಯನ್ನೋ ತಂದು ಸುರಿಯುವುದು ಲೋಕಾಚಾರ. ಕಬ್ಬಿಣವನ್ನು ಭಿಕ್ಷೆಯಾಗಿ ಬೇಡಿದವರು ಕನ್ನಡ ಕಾವ್ಯದಲ್ಲಿ ವಿರಳ. ಈ ವೈಚಿತ್ರ್ಯವನ್ನು ಕಂಡು ವ್ಯಾಖ್ಯಾನಕ್ಕೆ ತೊಡಗಿದವರಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳುಂಟು.

ಮೊದಲನೆಯದು ತತ್ತ್ವಪಕ್ಷ. ಇದರಂತೆ ಕಬ್ಬಿಣವೆಂದರೆ ಹದಗೊಳ್ಳದ ಜೀವ, ಕುಲುಮೆಯೆಂದರೆ ಸಂಸಾರತಾಪ, ಗುರುವೇ ಕಮ್ಮಾರ. ಕಾದ ಕಬ್ಬಿಣವು ಬಡಿತಕ್ಕೆ ಸಿಕ್ಕಿ ಆಕಾರ ಪಡೆಯುವಂತೆ ಶಿಷ್ಯನು ಗುರುವಿನ ಕೈಯಲ್ಲಿ ಸಿದ್ಧನಾಗುತ್ತಾನೆ. ಎರಡನೆಯದು ಚರಿತ್ರಪಕ್ಷ. ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರಿಗೂ ಹೊಸದಾಗಿ ಹಬ್ಬುತ್ತಿದ್ದ ನೀಲಗಾರ ಪಂಥಕ್ಕೂ ಎಂದೋ ನಡೆದ ಕಲಹದ ನೆನಪೇ ಈ ಸಾಲು. ಕಬ್ಬಿಣವು ಕಬ್ಬಿಣವೇ ಹೊರತು ಬೇರೇನೂ ಅಲ್ಲವೆಂಬುದು ಇದರ ನಿಲುವು.

ಈ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಕಾವ್ಯವನ್ನು ಅರ್ಧದಲ್ಲಿಯೇ ಬಿಡುತ್ತವೆ. ಇದನ್ನು ತಿಳಿಯಲು ನಮ್ಮ ಅಲಂಕಾರಶಾಸ್ತ್ರದ ಹಳೆಯ ವಿಭಾಗವೊಂದು ಸಹಾಯಕವಾಗಿದೆ. ‘ಕವಿರಾಜಮಾರ್ಗ’ದ ಕಾಲಕ್ಕೇ ಕನ್ನಡದಲ್ಲಿ ಧ್ವನಿಯ ಹೆಸರು ಕೇಳಿಬಂದಿದ್ದರೂ, ಅಲ್ಲಿ ಅದು ಅಲಂಕಾರಗಳಲ್ಲೊಂದು ಮಾತ್ರ. ಅದನ್ನು ಕಾವ್ಯದ ಆತ್ಮವೆಂದು ಸ್ಥಾಪಿಸಿದ ಕಾಶ್ಮೀರದ ಆನಂದವರ್ಧನನು ಧ್ವನಿಯನ್ನು ಮೊದಲಲ್ಲಿ ಎರಡಾಗಿ ಒಡೆದನು. ವಾಚ್ಯಾರ್ಥವು ಕವಿಗೆ ಬೇಡವಾಗಿ, ಅದು ಪಕ್ಕಕ್ಕೆ ಸರಿದು ಬೇರೊಂದು ಅರ್ಥಕ್ಕೆ ದಾರಿ ಬಿಡುವುದು ಅವಿವಕ್ಷಿತವಾಚ್ಯ. ವಾಚ್ಯಾರ್ಥವು ಬೇಕಾಗಿಯೇ ಇದ್ದು, ತನ್ನ ಸ್ಥಾನದಲ್ಲಿ ನಿಂತುಕೊಂಡೇ ಇನ್ನೊಂದು ಅರ್ಥವನ್ನು ಹೊರಡಿಸುವುದು ವಿವಕ್ಷಿತಾನ್ಯಪರವಾಚ್ಯ. ಮೊದಲನೆಯದರಲ್ಲಿ ಮಾತು ತನ್ನ ಮೊದಲ ಅರ್ಥವನ್ನು ಬಿಟ್ಟುಕೊಡುತ್ತದೆ, ಎರಡನೆಯದರಲ್ಲಿ ಇಟ್ಟುಕೊಂಡಿರುತ್ತದೆ.

ತತ್ತ್ವಪಕ್ಷದವರು ಕಬ್ಬಿಣದ ಭಿಕ್ಷೆಯನ್ನು ಮೊದಲನೆಯ ವರ್ಗಕ್ಕೆ ಸೇರಿಸುತ್ತಾರೆ. ಕಬ್ಬಿಣವು ಜೀವವೆಂದು ತಿಳಿದೊಡನೆ ಅವರಿಗೆ ಕಬ್ಬಿಣದಿಂದ ಕೆಲಸವಿಲ್ಲ. ಚರಿತ್ರಪಕ್ಷದವರು ವಾಚ್ಯದಲ್ಲಿಯೇ ನಿಂತುಬಿಡುತ್ತಾರೆ. ಈ ಸಾಲು ಎರಡನೆಯ ವರ್ಗಕ್ಕೆ ಸೇರಿದುದೆಂದು ಗ್ರಹಿಸಿದರೆ ಮಾತ್ರ ಕಾವ್ಯದ ಪೂರ್ಣತೆ ಗೋಚರಿಸುತ್ತದೆ. ಕಬ್ಬಿಣವು ಇಲ್ಲಿ ತೂಕವುಳ್ಳ, ಬೆಲೆಯುಳ್ಳ, ಕೊಡಲು ಮನಸ್ಸು ಬಾರದ ಕಬ್ಬಿಣವಾಗಿಯೇ ಉಳಿಯಬೇಕು. ಅದು ಕಬ್ಬಿಣವಾಗಿ ಉಳಿದಷ್ಟೂ ಅದರ ಧ್ವನಿ ಬಲಗೊಳ್ಳುತ್ತದೆ.

೩

ಹಲಗೂರಿನ ಸಾಲನ್ನು ಅರಿಯಬೇಕಾದರೆ ಅದಕ್ಕಿಂತ ಹಿಂದೆ ಬರುವ ಕಲ್ಯಾಣದ ಸಾಲನ್ನು ಮೊದಲು ನೋಡಬೇಕು. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳಲ್ಲಿ ಪಾಠಭೇದವಿದ್ದರೂ ಕಥೆಯ ಕಟ್ಟು ಸ್ಥಿರವಾಗಿದೆ.

ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ದಾಸೋಹ ನಡೆಯುತ್ತಿದೆ. ಲಕ್ಷಗಟ್ಟಲೆ ಜಂಗಮರು ಅಲ್ಲಿ ಉಣ್ಣುತ್ತಾರೆ. ಅವರಲ್ಲಿ ನಿಜವಾದ ಶರಣರು ಎಷ್ಟು ಮಂದಿಯೆಂದು ನೋಡಲು ಮಂಟೇದಯ್ಯನು ಹೊರಡುತ್ತಾನೆ. ಮೈತುಂಬ ಹುಣ್ಣು, ಮುತ್ತಿದ ನೊಣ, ಹೆಗಲ ಮೇಲೆ ಸತ್ತ ಕರು, ಕೈಯಲ್ಲಿ ಹೆಂಡದ ಗಡಿಗೆ: ಈ ವೇಷದಲ್ಲಿ ಬಂದವನನ್ನು ಬಾಗಿಲು ಕಾಯುವವರು ಹೊಡೆದು ತಿಪ್ಪೆಗೆ ತಳ್ಳುತ್ತಾರೆ. ವಿಷಯವನ್ನರಿತ ಬಸವಣ್ಣನೂ ನೀಲಮ್ಮನೂ ತಾವೇ ಹುಡುಕಿಕೊಂಡು ತಿಪ್ಪೆಯ ಬಳಿಗೆ ಬರುತ್ತಾರೆ. ಎತ್ತಲು ಹೋದರೆ ಆ ದೇಹವು ಕೈಗೆ ಕಳಚಿ ಬರುತ್ತದೆ. ಅದನ್ನು ಕುಕ್ಕೆಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಮನೆಗೆ ತರುತ್ತಾರೆ. ಒಳಗೆ ಬಂದ ಆ ರೂಪವನ್ನೂ ನಾತವನ್ನೂ ತಾಳಲಾರದೆ ವೇಷದ ಜಂಗಮರು ಓಡಿಹೋಗುತ್ತಾರೆ.

ಬಸವಣ್ಣನ ಕಲ್ಯಾಣವು ಹನ್ನೆರಡನೆಯ ಶತಮಾನದ್ದು; ಮಂಟೇಸ್ವಾಮಿಯ ಕಾಲ ಅದಕ್ಕಿಂತ ಬಹಳ ಈಚಿನದೆಂದು ವಿದ್ವಾಂಸರ ಎಣಿಕೆ. ಕಾಲವಿರೋಧವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಈ ವಿರೋಧವೇ ಕವಿಕಲ್ಪನೆಯ ಉದ್ದೇಶವನ್ನು ತೋರಿಸುತ್ತದೆ. ಜಾತಿಯನ್ನು ಅಳಿಸಹೊರಟ ಊರೊಂದಿತ್ತು. ಆ ಊರಿನ ಬಾಗಿಲಿನಲ್ಲಿ ಕಾವಲು ಏಕೆ ಉಳಿಯಿತೆಂಬ ಪ್ರಶ್ನೆಯನ್ನು ನಂತರದವರು ಕಾವ್ಯದ ಮೂಲಕ ಹಿಂದಕ್ಕೆ ಹೋಗಿ ಕೇಳುತ್ತಿದ್ದಾರೆ. ಇಲ್ಲಿ ಬಸವಣ್ಣನಿಗೆ ಅಪಮಾನವಾಗಿಲ್ಲ. ತಿಪ್ಪೆಯ ಬಳಿಗೆ ಬಂದವನು ಅವನೇ; ಕುಕ್ಕೆಯನ್ನು ತಲೆಯ ಮೇಲೆ ಹೊತ್ತವನೂ ಅವನೇ. ಪರೀಕ್ಷೆಯಲ್ಲಿ ಸೋತದ್ದು ಬಾಗಿಲು. ಅದನ್ನು ಕಾದವರು, ಅದರೊಳಗೆ ಉಂಡವರು. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕವು ಈ ವೃತ್ತಾಂತವನ್ನು ರಂಗಭೂಮಿಗೆ ತಂದ ಮೇಲೆ ನಗರದ ಪ್ರೇಕ್ಷಕರಿಗೂ ಇದರ ತೀವ್ರತೆ ಪರಿಚಿತವಾಯಿತು.

ಸತ್ತ ಕರು, ಹೆಂಡ, ಹುಣ್ಣು ಇವು ಯಾವುದರ ಸಂಕೇತ? ಮಾಂಸವೆಂದರೆ ದೇಹಭಾವ, ಹೆಂಡವೆಂದರೆ ಆನಂದಾಮೃತ, ಹುಣ್ಣೆಂದರೆ ಇಂದ್ರಿಯದ್ವಾರಗಳು ಎಂದು ಬಿಡಿಸುವ ವ್ಯಾಖ್ಯಾನವು ಮಹಾಮನೆಯ ದ್ವಾರಪಾಲಕರಿಗೆ ಬಹಳ ಸಮೀಪದ್ದು. ಅವರು ಆ ವಸ್ತುಗಳನ್ನು ಹೊಡೆದು ಓಡಿಸಿದರು. ಇದು ಅರ್ಥ ಹೇಳಿ ಓಡಿಸುತ್ತದೆ. ಹೆಂಡವು ಅಮೃತವಾಗಿಬಿಟ್ಟರೆ ಅದನ್ನು ಒಳಗೆ ಬಿಡಲು ಯಾರಿಗೂ ಅಡ್ಡಿಯಿಲ್ಲ. ಆಗ ಪರೀಕ್ಷೆಯೇ ಇಲ್ಲ. ಓಡಿಹೋದ ಜಂಗಮರು ಓಡಿಹೋಗಲು ಕಾರಣವೂ ಇಲ್ಲ. ನಾತವು ನಾತವಾಗಿಯೇ ಇದ್ದರೆ ಮಾತ್ರ ಕುಕ್ಕೆಯನ್ನು ಹೊತ್ತವರ ತಲೆಗೆ ಬೆಲೆ. ವಾಚ್ಯವು ಉಳಿಯಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

೪

ಇನ್ನು ಹಲಗೂರಿನ ಸಾಲಿಗೆ ಬರಬಹುದು. ಇಲ್ಲಿ ಗಮನಿಸತಕ್ಕ ಮೊದಲನೆಯ ಸಂಗತಿ, ಭಿಕ್ಷೆಗೆ ಹೋಗುವವನ ಹುಟ್ಟು. ಸಿದ್ದಪ್ಪಾಜಿಯು ದೀಕ್ಷೆಗೆ ಮೊದಲು ಕೆಂಪಾಚಾರಿ. ಆಚಾರಿಯೆಂಬ ಉಪಪದವೇ ಹೇಳುವಂತೆ ಅವನು ಪಾಂಚಾಳರ ಮನೆಯ ಮಗ. ಮಂಟೇದಯ್ಯನು ಬಂದು ಮಗನನ್ನು ಕೊಡಿರೆಂದು ಕೇಳಿದಾಗ ಹೆತ್ತವರು ಒಪ್ಪುವುದಿಲ್ಲ. ಹಲವು ಸಂಕಟಗಳ ತರುವಾಯ ಬಾಲಕನು ಗುರುವಿನ ವಶವಾಗುತ್ತಾನೆ. ಗವಿಯೊಂದರಲ್ಲಿ ಬಹುಕಾಲ ಕತ್ತಲೆಯನ್ನುಂಡು, ಹೊರಗೆ ಬಂದು ಸಿದ್ದಪ್ಪಾಜಿಯಾಗುತ್ತಾನೆ. ಅಂಥವನನ್ನು ಗುರುವು ಕಳುಹಿಸುವುದು ಎಲ್ಲಿಗೆ? ಕಬ್ಬಿಣದವರ ಊರಿಗೆ. ಬೇಡಿ ತರಬೇಕಾದುದು ಏನು? ಕಬ್ಬಿಣ.

ಅವನು ಕೆಂಪಾಚಾರಿಯಾಗಿ ಹೋಗಿದ್ದರೆ ಹಲಗೂರಿನ ಕುಲುಮೆಗಳಲ್ಲಿ ಅವನು ನೆಂಟ. ಕಬ್ಬಿಣವು ಅವನಿಗೆ ಕುಲದ ಸ್ವತ್ತು. ಬೇಡುವ ಪ್ರಮೇಯವೇ ಇಲ್ಲ. ನೀಲಗಾರನಾಗಿ, ಜೋಳಿಗೆಯವನಾಗಿ ಹೋದಾಗ ಅದೇ ಕಬ್ಬಿಣವು ಪರಸ್ವತ್ತು. ಹುಟ್ಟಿನಿಂದ ತನ್ನದಾಗಬಹುದಾಗಿದ್ದುದನ್ನು ಹೊರಗಿನವನಾಗಿ ನಿಂತು ಕೈಯೊಡ್ಡಿ ಕೇಳುವುದು ಈ ಸಾಲಿನ ಮರ್ಮ. ಗುರುವು ಶಿಷ್ಯನಿಂದ ಕುಲವನ್ನು ಬಿಡಿಸಿದ್ದು ದೀಕ್ಷೆಯ ದಿನವಲ್ಲ, ಹಲಗೂರಿನ ಬಾಗಿಲಿನಲ್ಲಿ ಎನ್ನಬೇಕು. ತತ್ತ್ವಪಕ್ಷದವರು ಹೇಳುವ ‘ಹದಗೊಳ್ಳುವ ಜೀವ’ ಇಲ್ಲಿಯೇ ಹದಗೊಳ್ಳುವುದು. ಆದರೆ ಅದನ್ನು ಹದಗೊಳಿಸುವುದು ರೂಪಕದ ಕುಲುಮೆಯಲ್ಲ, ತನ್ನವರೇ ಮಾಡುವ ನಿರಾಕರಣೆ.

ಎರಡನೆಯ ಸಂಗತಿ, ಬೇಡಿದ ವಸ್ತುವಿನ ಸ್ವಭಾವ. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕಮ್ಮಾರನು ಆಯಗಾರರಲ್ಲೊಬ್ಬ. ಒಕ್ಕಲಿಗೆ ನೇಗಿಲ ಕುಳ, ಕುಡುಗೋಲು, ಗುದ್ದಲಿ, ಮಚ್ಚುಗಳನ್ನು ಮಾಡಿಕೊಟ್ಟು ಹರಿತಗೊಳಿಸುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಧಾನ್ಯವನ್ನು ಆಯವಾಗಿ ಪಡೆಯುವುದು ಅವನ ಹಕ್ಕು. ಕಬ್ಬಿಣವು ಕೊಟ್ಟು ಕೊಳ್ಳುವ ಈ ಸಂಬಂಧದೊಳಗೆ ಸಂಚರಿಸುವ ವಸ್ತು. ಧಾನ್ಯದ ಭಿಕ್ಷೆ ಹಾಕಿದವನ ಕಣಜ ಮುಂದಿನ ಸುಗ್ಗಿಗೆ ತುಂಬುತ್ತದೆ. ಉಂಡು ಮಿಕ್ಕದ್ದರಲ್ಲಿ ಅದನ್ನು ಕೊಡಬಹುದು. ಕಬ್ಬಿಣವನ್ನು ಕೊಟ್ಟವನು ತನ್ನ ಕಸಬಿನ ಮೂಲವನ್ನೇ ಕೊಟ್ಟಂತೆ. ಊರಿನಲ್ಲಿ ಅವನಿಗಿರುವ ಸ್ಥಾನಕ್ಕೆ ಆಧಾರವಾದ ವಸ್ತುವನ್ನು ಮೊರದಲ್ಲಿ ಹಾಕಿ ಸುರಿಯೆಂದು ಕೇಳಿದರೆ ಅವನು ಹಿಂಜರಿಯುವುದು ಸಹಜ. ಹಲಗೂರಿನವರ ನಿರಾಕರಣೆಯನ್ನು ಬರಿಯ ದುಷ್ಟತನವೆಂದು ಓದಬಾರದು. ಕಾವ್ಯವು ಅವರಿಂದ ಕೇಳುತ್ತಿರುವುದು ನಿಜವಾಗಿಯೂ ದೊಡ್ಡದು.

ಪಾಂಚಾಳರು ಸುಲಭವಾಗಿ ಕೊಡುವುದಿಲ್ಲ. ವಿಷವನ್ನುಣಿಸುವುದು, ಕಾದ ಕಬ್ಬಿಣವನ್ನೊಡ್ಡುವುದು ಮೊದಲಾದ ಪರೀಕ್ಷೆಗಳಿಗೆ ಸಿದ್ದಪ್ಪಾಜಿಯನ್ನು ಗುರಿಮಾಡುತ್ತಾರೆ. ಎಲ್ಲವನ್ನೂ ಗೆದ್ದ ಮೇಲೆ ಕಬ್ಬಿಣವು ಗುರುವಿನ ಕಾರ್ಯಕ್ಕೆ ಒದಗುತ್ತದೆ. ಪವಾಡಗಳ ಈ ಸರಣಿಯಲ್ಲಿ ಜನಪದ ಕಥೆಯ ಸಾಮಾನ್ಯ ಸಾಮಗ್ರಿಯೇ ಹೆಚ್ಚಾಗಿರುವುದರಿಂದ ಅದನ್ನು ವಿಸ್ತರಿಸಬೇಕಾಗಿಲ್ಲ. ಒಂದನ್ನು ಮಾತ್ರ ನೆನೆಯಬೇಕು. ಪರೀಕ್ಷಿಸುವ ಶಕ್ತಿಯುಳ್ಳ ಗುರುವಿಗೆ ಕಬ್ಬಿಣವನ್ನು ತಾನೇ ಸೃಷ್ಟಿಸಿಕೊಳ್ಳುವುದು ಅಸಾಧ್ಯವಾಗಿರಲಿಲ್ಲ. ಕಾವ್ಯದ ಮೊದಲ ಸಾಲಿನಲ್ಲಿ ಆತನೇ ಲೋಕವನ್ನು ಸೃಷ್ಟಿಸಿದ ಪರಂಜ್ಯೋತಿ. ಆದರೂ ಅವನು ಕಬ್ಬಿಣವನ್ನು ಬೇಡಿಸುತ್ತಾನೆ. ಅವನಿಗೆ ಬೇಕಾದುದು ಕಬ್ಬಿಣದಷ್ಟೇ, ಅದನ್ನು ಕೊಡುವ ಕೈಯೂ.

೫

ಕಲ್ಯಾಣ, ಹಲಗೂರುಗಳ ಎರಡು ಸಾಲುಗಳನ್ನು ಜೊತೆಗಿಟ್ಟು ನೋಡಿದಾಗ ಅವುಗಳ ಪರಸ್ಪರ ಸಂಬಂಧ ತಾನಾಗಿ ತೋರುತ್ತದೆ. ಕಲ್ಯಾಣದಲ್ಲಿ ಗುರುವು ಯಾರೂ ಒಲ್ಲದ ವಸ್ತುವನ್ನು ತಂದು ಬಾಗಿಲಿನಲ್ಲಿ ನಿಲ್ಲುತ್ತಾನೆ. ಹಲಗೂರಿನಲ್ಲಿ ಯಾರೂ ಕೊಡದ ವಸ್ತುವನ್ನು ಬೇಡಲು ಶಿಷ್ಯನನ್ನು ಬಾಗಿಲಿಗೆ ಕಳುಹಿಸುತ್ತಾನೆ. ಒಂದು ಕಡೆ ಸ್ವೀಕಾರದ ಪರೀಕ್ಷೆ. ಇನ್ನೊಂದು ಕಡೆ ದಾನದ ಪರೀಕ್ಷೆ. ದಾಸೋಹದ ಊರು ಎಲ್ಲರಿಗೂ ಕೊಡುತ್ತಿತ್ತು, ಆದರೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳಲಾರದಾಯಿತು. ಕಾಯಕದ ಊರು ಎಲ್ಲರಿಗೂ ಮಾಡಿಕೊಡುತ್ತಿತ್ತು, ಆದರೆ ತನ್ನದನ್ನು ಬಿಟ್ಟುಕೊಡಲಾರದಾಯಿತು. ಕಾಯಕ, ದಾಸೋಹ ಎಂಬ ಶರಣರ ಎರಡು ಮಹಾತತ್ತ್ವಗಳನ್ನು ಈ ಕಾವ್ಯವು ಅಲ್ಲಗಳೆಯದೆ, ಅವುಗಳ ಕೊನೆಯ ಮೆಟ್ಟಿಲನ್ನು ಅಳೆದು ನೋಡಿದೆ. ಸಂಸ್ಕೃತಿಯ ವಿಮರ್ಶೆಯೆಂದು ಈಚಿನವರು ಕರೆಯುವ ಕಾರ್ಯವನ್ನು ನೀಲಗಾರರ ತಂಬೂರಿ ಮೊದಲೇ ಮಾಡಿತ್ತು.

ಮಲೆಯ ಮಾದೇಶ್ವರನ ಕಾವ್ಯದಲ್ಲಿಯೂ ಇದರ ಹೋಲಿಕೆಯೊಂದುಂಟು. ಅಲ್ಲಿ ಮಾದಪ್ಪನು ಮಠದಲ್ಲಿ ರಾಗಿ ಬೀಸುವ ಕೆಲಸಕ್ಕೆ ನಿಲ್ಲುತ್ತಾನೆ. ದೇವರ ಕೈಗೆ ಬೀಸುವ ಕಲ್ಲಿನ ಗೂಟ ಬಂದುದನ್ನು ಕಂಡು, ಬೀಸುವ ಕಲ್ಲೆಂದರೆ ಸಂಸಾರಚಕ್ರವೆಂದು ಅರ್ಥ ಮಾಡುವವರಿದ್ದಾರೆ. ಆ ಅರ್ಥ ಸುಳ್ಳಲ್ಲ. ಆದರೆ ಮಠದ ರಾಗಿಯನ್ನು ಯಾರಾದರೊಬ್ಬರು ಬೀಸಲೇಬೇಕೆಂಬುದು ಅದಕ್ಕಿಂತ ಮೊದಲಿನ ಅರ್ಥ. ಕೈಕೆಲಸದವರ ಕಾವ್ಯದಲ್ಲಿ ಉಪಕರಣಗಳು ಮೊದಲು ಉಪಕರಣಗಳು, ಅನಂತರ ಸಂಕೇತಗಳು. ಓಲೆಗರಿಯ ಕಾವ್ಯದಲ್ಲಿ ಕಮಲ, ಚಕೋರ, ಚಂದ್ರಿಕೆಗಳು ಕವಿಸಮಯದಿಂದ ಬಂದವುಗಳಾದ್ದರಿಂದ ಅವನ್ನು ಕೋಶ ನೋಡಿ ಬಿಡಿಸಬಹುದು. ಕಬ್ಬಿಣಕ್ಕೂ ಕುಕ್ಕೆಗೂ ಬೀಸುವ ಕಲ್ಲಿಗೂ ಅಂಥ ಕೋಶವಿಲ್ಲ. ಅವುಗಳ ಬಳಕೆಯನ್ನು ಬಲ್ಲವನೇ ಅವುಗಳ ವ್ಯಂಗ್ಯವನ್ನು ಬಲ್ಲನು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಹಾಡುವ ನೀಲಗಾರನಿಗೆ ಇಂಥ ಸಂಬಂಧದ ಅರಿವಿತ್ತೆ? ಶಾಸ್ತ್ರದ ಪದಗಳನ್ನು ತಂದು ನಿರಕ್ಷರರ ಕಾವ್ಯದ ಮೇಲೆ ಹೊರಿಸುವುದು ನ್ಯಾಯವೆ? ಇದಕ್ಕೆ ಸಮಾಧಾನವೆಂದರೆ, ವ್ಯಂಗ್ಯಾರ್ಥಕ್ಕೆ ಪ್ರಮಾಣವು ಕರ್ತೃವಿನ ಮನಸ್ಸಲ್ಲ, ಕೃತಿಯ ಯೋಜನೆ. ಬೇರೆ ಬೇರೆ ಊರಿನ ಹಾಡುಗಾರರು ವಿವರಗಳನ್ನು ಕೂಡಿಸಿದ್ದಾರೆ, ಕಳೆದಿದ್ದಾರೆ. ಆದರೂ ತಿಪ್ಪೆಯನ್ನೂ ಕುಕ್ಕೆಯನ್ನೂ ಕಬ್ಬಿಣವನ್ನೂ ಕೈಬಿಟ್ಟಿಲ್ಲ. ತಲೆಮಾರುಗಳ ಬಾಯಿಯಲ್ಲಿ ಜರಡಿಯಾಡಿದ ಮೇಲೂ ಉಳಿದುದು ಆಕಸ್ಮಿಕವಾಗಿ ಉಳಿದುದಲ್ಲ. ಲಿಖಿತ ಕಾವ್ಯದಲ್ಲಿ ಒಬ್ಬ ಕವಿಯ ಆಯ್ಕೆ ಮಾಡುವ ಕೆಲಸವನ್ನು ಇಲ್ಲಿ ಸಮುದಾಯದ ನೆನಪು ಮಾಡಿದೆ.

೬

ಈ ಎರಡು ಪರೀಕ್ಷೆಗಳಿಗೂ ಕಾವ್ಯದೊಳಗೆ ಪೂರ್ಣವಾದ ಉತ್ತರವಿಲ್ಲ. ಗುರುವು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ನೆಲೆಗೊಳ್ಳುತ್ತಾನೆ. ರಾಚಪ್ಪಾಜಿಯು ಕಾವೇರಿಯ ದಂಡೆಯ ಕಪ್ಪಡಿಯಲ್ಲಿ, ಸಿದ್ದಪ್ಪಾಜಿಯು ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ. ಉತ್ತರವು ಕಾವ್ಯದಿಂದ ಹೊರಗೆ, ಚಿಕ್ಕಲ್ಲೂರಿನ ಜಾತ್ರೆಯಲ್ಲಿದೆ. ಪುಷ್ಯಮಾಸದ ಹುಣ್ಣಿಮೆಯ ಇರುಳು ಚಂದ್ರಮಂಡಲವನ್ನು ಹೊತ್ತಿಸುವುದರಿಂದ ಮೊದಲಾಗಿ ಐದು ದಿನ ನಡೆಯುವ ಆ ಜಾತ್ರೆಯಲ್ಲಿ ಪಂಕ್ತಿಸೇವೆಯೆಂಬುದೊಂದುಂಟು. ಬಂದ ಒಕ್ಕಲುಗಳು ಬಿಡಾರಗಳಲ್ಲಿ ಬಾಡಿನಡಿಗೆ ಮಾಡಿ, ನಾನಾ ಜಾತಿಯವರು ಸಾಲಾಗಿ ಕುಳಿತು ಉಣ್ಣುತ್ತಾರೆ. ಪ್ರಾಣಿಬಲಿಯ ನಿಷೇಧಶಾಸನದ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಇದರ ಬಗ್ಗೆ ವಿವಾದವೆದ್ದು, ಇದು ಬಲಿಯಲ್ಲ, ಸಹಭೋಜನವೆಂದು ಒಕ್ಕಲಿನವರು ವಾದಿಸಿದ್ದಾರೆ. ಶಾಸನದ ವಿಚಾರವು ಸಾಹಿತ್ಯವಿಮರ್ಶೆಯ ಎಲ್ಲೆಯನ್ನು ಮೀರಿದ್ದು. ಕಾವ್ಯದ ದೃಷ್ಟಿಯಿಂದ ಹೇಳಬಹುದಾದುದು ಇಷ್ಟೆ: ಕಲ್ಯಾಣದ ಬಾಗಿಲಿನಲ್ಲಿ ತಡೆಹಿಡಿಯಲ್ಪಟ್ಟ ವಸ್ತುವು ಈ ಪಂಕ್ತಿಯಲ್ಲಿ ಎಲೆಯ ಮೇಲೆ ಬಂದಿದೆ, ಹಲಗೂರಿನಲ್ಲಿ ಹಿಂಜರಿದ ಕೈ ಇಲ್ಲಿ ಬಡಿಸುತ್ತಿದೆ. ಕಾವ್ಯವನ್ನೂ ಜಾತ್ರೆಯನ್ನೂ ಬೇರೆಬೇರೆಯಾಗಿ ಓದುವವರಿಗೆ ಈ ಸಂಬಂಧ ಕಾಣಿಸದು.

ಅಧ್ಯಾಪಕರಿಗೆ ಈ ವಿಚಾರದಿಂದ ಒಂದು ಪ್ರಯೋಜನವುಂಟು. ಪರೀಕ್ಷೆಯ ಸೌಕರ್ಯಕ್ಕಾಗಿ ಸಂಕೇತಗಳ ಪಟ್ಟಿ ಮಾಡಿ, ಇದಕ್ಕೆ ಇದು ಎಂದು ಸಮೀಕರಿಸಿ ಬರೆಯಿಸುವ ಪದ್ಧತಿ ನಮ್ಮ ಶಾಲೆಕಾಲೇಜುಗಳಲ್ಲಿ ಬೇರೂರಿದೆ. ಕವಿಸಮಯದ ಕಾವ್ಯಕ್ಕೆ ಅದರಿಂದ ಹೆಚ್ಚು ಹಾನಿಯಿಲ್ಲ. ಮಂಟೇಸ್ವಾಮಿಯಂಥ ಕಾವ್ಯಕ್ಕೆ ಅದರಿಂದ ಆಗುವ ಹಾನಿ ದೊಡ್ಡದು. ಚಾಮರಾಜನಗರದಲ್ಲಿಯೋ ಗುಂಡ್ಲುಪೇಟೆಯಲ್ಲಿಯೋ ಪಾಠ ಕೇಳುವ ವಿದ್ಯಾರ್ಥಿಗಳಲ್ಲಿ ನೀಲಗಾರರ ಮನೆಯವರೂ ಉಂಟು, ಕುಲುಮೆಯ ಮನೆಯವರೂ ಉಂಟು. ಹೆಂಡವೆಂದರೆ ಹೆಂಡವಲ್ಲ, ಕಬ್ಬಿಣವೆಂದರೆ ಕಬ್ಬಿಣವಲ್ಲ ಎಂದು ಅವರಿಗೆ ಕಲಿಸಿದರೆ, ಅವರ ಮನೆಯವರು ಕಾಪಾಡಿಕೊಂಡು ಬಂದ ಕಾವ್ಯವನ್ನು ಅವರಿಂದಲೇ ಕಿತ್ತುಕೊಂಡಂತಾಗುತ್ತದೆ. ಅದಕ್ಕೆ ಬದಲಾಗಿ ಕುಳವನ್ನು ಹೇಗೆ ಹಣಿಯುತ್ತಾರೆ, ಆಯವನ್ನು ಹೇಗೆ ಅಳೆಯುತ್ತಿದ್ದರು, ಭಿಕ್ಷೆಗೆ ಏನನ್ನು ಹಾಕುತ್ತಾರೆ, ಏನನ್ನು ಹಾಕುವುದಿಲ್ಲ ಎಂಬ ಪ್ರಶ್ನೆಗಳಿಂದ ಪಾಠವನ್ನು ಮೊದಲುಮಾಡಬಹುದು. ವಾಚ್ಯವು ಗಟ್ಟಿಯಾದಲ್ಲಿ ವ್ಯಂಗ್ಯವನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುವರು.

ಕಬ್ಬಿಣದ ಭಿಕ್ಷೆಯು ಜೀವದ ಸಂಕೇತವೆಂಬುದು ಸಲ್ಲದ ಮಾತಲ್ಲ; ಪೂರ್ವಕಾಲದ ಕಲಹವೊಂದರ ನೆನಪೆಂಬುದೂ ಸಲ್ಲದ ಮಾತಲ್ಲ. ಮನುಷ್ಯನು ತನ್ನ ಸ್ಥಾನಮಾನಕ್ಕೆ ಮೂಲವಾದ ವಸ್ತುವನ್ನು ಹೊರಗೆ ನಿಂತವನ ಜೋಳಿಗೆಗೆ ಹಾಕಬಲ್ಲನೇ ಎಂಬ ಪ್ರಶ್ನೆಯು ಇವೆರಡಕ್ಕೂ ಆಧಾರವಾಗಿ ನಿಂತಿದೆ. ಆ ಪ್ರಶ್ನೆಯನ್ನು ಕೇಳಲು ಕಬ್ಬಿಣವಲ್ಲದೆ ಬೇರೆ ವಸ್ತು ಈ ಕಾವ್ಯಕ್ಕೆ ಒದಗುತ್ತಿರಲಿಲ್ಲ.